ಕಡ್ಡಿ ಗಾಲಿಗಳ ಎಡ ಬಲ

ಮೇಲೂರಿನ ನಮ್ಮ ಹುಳುಮನೆಯಲ್ಲಿ ಈಗ ರೇಷ್ಮೆ ಹುಳು ಸಾಕುವುದಿಲ್ಲ. ಅಲ್ಲಿ ಅಪ್ಪ ಎಂದೋ ಕೊಂಡು ತಂದ, ಎರಡೇ ಸೀಟಿನ, ಚಾವಣಿಯಿಲ್ಲದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ನಿಂತಿದೆ. ಅಣ್ಣ ವರ್ಷಗಟ್ಟಲೆ ಒದ್ದಾಡಿ ಅದು ಮತ್ತೆ ಓಡುವಂತೆ ಮಾಡಿದ. ಕೊನೆಗೆ ಉಳಿದದ್ದು ಗಾಲಿಯ ಪ್ರಶ್ನೆ.

ಆ ಕಾರು ಮೊದಲ ವರ್ಷ ಬರೀ ತಗಡಿನ ಗಾಲಿಯಲ್ಲಿ ಬಂತಂತೆ, ಮರುವರ್ಷದಿಂದ ಕಡ್ಡಿ ಗಾಲಿಯಲ್ಲೂ ಬಂತಂತೆ. ನಮ್ಮದಕ್ಕೆ ಇದ್ದದ್ದು ತಗಡಿನವು. ಆರ್.ಸಿ. ಪುಸ್ತಕದಲ್ಲಿ ಎರಡನೆಯ ವರ್ಷವಿದೆ. ಅದು ಕಾರು ತಯಾರಾದ ವರ್ಷವೋ, ಇಲ್ಲಿ ನೋಂದಣಿಯಾದ ವರ್ಷವೋ, ಹೇಳುವವರು ಯಾರೂ ಉಳಿದಿಲ್ಲ. ಅಣ್ಣ ನನ್ನನ್ನು ಕೇಳಿದ. ಕಡ್ಡಿಗಳ ನಡುವೆ ಬೆರಳು ತೂರಿಸಿದ ನೆನಪಿದೆ ಎಂದೆ. ಅದು ಸೈಕಲ್ಲಿನದೂ ಇರಬಹುದು ಎಂದೂ ಸೇರಿಸಿದೆ ಅನಿಸುತ್ತದೆ, ಖಚಿತವಿಲ್ಲ. ಅವನಿಗೆ ಅಷ್ಟೇ ಸಾಕಾಯಿತು.

ಬೆಂಗಳೂರಿನ ಗುಜರಿಯಿಂದ ಹಳೆಯ ಕಡ್ಡಿ ಗಾಲಿಗಳೂ, ಅವು ಕೂರುವ ನಾಲ್ಕು ಹಬ್‌ಗಳೂ ಬಂದವು. ಇವಕ್ಕೆ ಸುತ್ತ ಬೋಲ್ಟುಗಳಿಲ್ಲ. ನಡುವೆ ಎರಡು ಕಿವಿಯ ಒಂದೇ ದೊಡ್ಡ ನಟ್ಟು, ಸುತ್ತಿಗೆಯಿಂದ ಹೊಡೆದು ಬಿಗಿಯಬೇಕು. ಎಡಗಡೆಯ ಹಬ್‌ಗಳ ತಿರುಪು ಒಂದು ದಿಕ್ಕಿಗೆ, ಬಲಗಡೆಯವುಗಳದು ಇನ್ನೊಂದು ದಿಕ್ಕಿಗೆ. ಅವು ತಮ್ಮ ತಮ್ಮ ಕಡೆ ಇದ್ದರೆ ಕಾರು ಓಡಿದಷ್ಟೂ ನಟ್ಟು ಬಿಗಿಯಾಗುತ್ತದೆ. ಅದಲುಬದಲಾದರೆ ಓಡಿದಷ್ಟೂ ಸಡಿಲವಾಗುತ್ತದೆ.

ಜೋಡಿಸುವ ಮುಂಚೆ ಪೂಜೆಯಾಯಿತು. ಅತ್ತಿಗೆ ಹಬ್‌ಗಳನ್ನು ಹಿತ್ತಾಳೆ ದೀಪದ ಕಂಬಗಳಂತೆ ಹುಣಸೆಹಣ್ಣು ಹಾಕಿ ಉಜ್ಜಿದರು. ಎಡ ಯಾವುದು, ಬಲ ಯಾವುದು ಎಂದು ಅಣ್ಣ ಮಾಡಿದ್ದ ಗುರುತು ಅಳಿಸಿತು. ಅದಕ್ಕೇ ಅವರು ಜೋಪಾನವಾಗಿ ಬಲಗಡೆಯವನ್ನು ಬಲಕ್ಕೆ, ಎಡಗಡೆಯವನ್ನು ಎಡಕ್ಕೆ ಇಟ್ಟರು. ದೇವರ ಬಲ, ದೇವರ ಎಡ. ನಮ್ಮ ಮನೆಯಲ್ಲಿ ದೇವರ ಮುಂದೆ ಏನನ್ನಿಟ್ಟರೂ ಅದೇ ಲೆಕ್ಕ. ಅಣ್ಣ ದೇವರಿಗೆ ಎದುರಾಗಿ ನಿಂತು, ಕೈ ಮುಗಿದು, ತನ್ನ ಬಲಕ್ಕಿದ್ದವನ್ನು ಎತ್ತಿಕೊಂಡು ಕಾರಿನ ಬಲಕ್ಕೆ ಹಾಕಿದ. ಯಾರಿಗೂ ಏನೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಚಿಂತಾಮಣಿ ಕಡೆಗೆ ಹೊರಟೆವು. ದೂರದಲ್ಲಿ ಅಂಬಾಜಿದುರ್ಗದ ಬೆಟ್ಟ ಕಾಣಿಸುವ ಹೊತ್ತಿಗೆ ನನ್ನ ಕಡೆಯ ಮುಂದಿನ ಗಾಲಿಯಲ್ಲಿ ಸಣ್ಣಗೆ ಟಿಕ್ ಎಂದಂತಾಯಿತು. ಮತ್ತೆ ಟಿಕ್. ಸದ್ದು ನಿಜವೋ, ಹೆದರಿಕೆ ಹುಟ್ಟಿಸಿದ್ದೋ ಎಂದು ಕಣ್ಣು ಮುಚ್ಚಿ ಕೇಳಿದೆ. ಕಣ್ಣು ಮುಚ್ಚಿದ ಮೇಲೆ ಅದು ಇನ್ನೂ ಹತ್ತಿರ ಬಂತು. ಅಣ್ಣನಿಗೆ ಹೇಳಿದೆ.

"ಎಂ.ಎ. ಓದ್ದೋರಿಗೆ ಎಲ್ಲಾ ಕೇಳಿಸ್ತದೆ ಕಣಮ್ಮ. ಕಡ್ಡಿ ಗಾಲಿ, ಮಾತಾಡ್ತದೆ. ಸುಮ್ನೆ ಕೂತ್ಕೋ."

ಕೂತೆ. ಬಾಗಿಲು ನನ್ನ ಸೊಂಟಕ್ಕೂ ಬರುತ್ತಿರಲಿಲ್ಲ. ಕೈ ಚಾಚಿದರೆ ರಸ್ತೆ ಸಿಗುವಷ್ಟು ಕೆಳಗಿದ್ದೆವು. ಎದುರಿನಿಂದ ಟೊಮೆಟೊ ತುಂಬಿದ ಲಾರಿ ಬಂತು. ಅದರ ಗಾಲಿ ನನ್ನ ತಲೆಯ ಎತ್ತರಕ್ಕೆ ಹಾದುಹೋಯಿತು. ಈಗ ನಮ್ಮ ಗಾಲಿ ಕಳಚಿದರೆ ನಾವು ಯಾವ ಕಡೆ ತಿರುಗುತ್ತೇವೆ ಎಂದಷ್ಟೇ ಯೋಚಿಸುತ್ತಿದ್ದೆ. ನಿಲ್ಲಿಸು, ಇಲ್ಲದಿದ್ದರೆ ಹಾರುತ್ತೇನೆ ಎಂದೆನಂತೆ. ಅಣ್ಣ ಹಾಗೆ ಹೇಳುತ್ತಾನೆ, ನನಗೆ ನೆನಪಿಲ್ಲ.

ಅವನು ಸಿಡುಕುತ್ತ ಇಳಿದು ನಟ್ಟಿನ ಕಿವಿ ಮುಟ್ಟಿದ. ಅದು ಬೆರಳಿಗೇ ತಿರುಗಿತು. ಸುತ್ತಿಗೆ ತಂದು ಹೊಡೆದು ಬಿಗಿದ.

"ಹತ್ತಮ್ಮ. ನಿಧಾನಕ್ಕೆ ಹೋಗಣ."

ಓಡಿದಷ್ಟೂ ಬಿಗಿಯಾಗುತ್ತದೆ ಎಂದಿದ್ದೆಯಲ್ಲ, ಮತ್ತೆ ಇದು ಹೇಗೆ ಸಡಿಲವಾಯಿತು ಎಂದು ಕೇಳಿದೆ. ಅವನು ಗಾಳಿಯಲ್ಲಿ ಕೈ ತಿರುಗಿಸಿ ಗಾಲಿ ಉರುಳುವ ದಿಕ್ಕು ನೋಡಿಕೊಂಡ. ಹಿಂದಿನ ಗಾಲಿಗೆ ಹೋಗಿ ನಟ್ಟು ಮುಟ್ಟಿದ. ಆಮೇಲೆ ಆ ಕಡೆಯ ಎರಡನ್ನೂ ಮುಟ್ಟಿದ. ಎಲ್ಲವೂ ಬೆರಳಿಗೇ ತಿರುಗಿದವು. ನನಗೆ ಕೇಳಿಸಿದ್ದು ಒಂದರ ಸದ್ದು ಮಾತ್ರ. ಉಳಿದ ಮೂರು ಸದ್ದೇ ಮಾಡಿರಲಿಲ್ಲ.

ಕಾರನ್ನು ಹೇರಿಕೊಂಡು ಹೋಗಲು ಟೆಂಪೊ ಕಳಿಸಿ ಎಂದು ಫೋನ್ ಮಾಡಿ, ಅಣ್ಣ ಕೀಲಿ ತೆಗೆದು ನನ್ನ ಕೈಗಿಟ್ಟ.

"ನೀನೇ ಇಟ್ಕೋ. ನನ್ ಹತ್ರ ಇದ್ರೆ ಓಡಿಸ್ಬಿಡ್ತೀನಿ."