ಕಡೆಗೆ ಕೂಡಿಸಿದ ಕೊಂಡಿ

ಮೂವತ್ತು ವರ್ಷ ಗಡಹಿಂಗ್ಲಜದ ಮರಾಠಿ ಶಾಲೆಯೊಂದರಲ್ಲಿ ಭೂಗೋಳ ಕಲಿಸಿದವನು ನಾನು. ಪಾಠಕ್ಕಿಂತ ಹೆಚ್ಚಾಗಿ ಕಲಿಸಿದ್ದು ಒಂದೇ ಮಾತು: ಕೇಳದೆ ಏನನ್ನೂ ಮುಟ್ಟಬೇಡಿ. ಗ್ಲೋಬು ಮುಟ್ಟಬೇಡಿ, ನಕಾಶೆ ಮುಟ್ಟಬೇಡಿ, ಪಕ್ಕದವನ ಡಬ್ಬಿ ಮುಟ್ಟಬೇಡಿ. ಇಂಥ ನಾನು ಕಳೆದ ಶ್ರಾವಣದ ಒಂದು ರವಿವಾರ, ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ, ಕಂಪ್ಯೂಟರಿನ ಪರದೆಯ ಮೇಲೆ ಕಂಡ ಒಂದು ಹಸಿರು ಗುಂಡಿಯನ್ನು ಯಾರನ್ನೂ ಕೇಳದೆ ಒತ್ತಿಬಿಟ್ಟೆ.

ಅದರ ಹಿಂದೆ ಒಂದು ಹಳೆಯ ಕಥೆಯಿದೆ. ಕೊಲ್ಹಾಪುರದಲ್ಲಿ ಕಾಲೇಜು ಓದುವಾಗ ಮತ್ತೆ ಹಾಕಿದ್ದ ಒಂದು ಹಳೆಯ ಮರಾಠಿ ತಮಾಷಾ ಸಿನೆಮಾಕ್ಕೆ, ಅಂದರೆ ಹೆಂಗಸರ ಲಾವಣಿ ಕುಣಿತದ ಸಿನೆಮಾಕ್ಕೆ, ಹೋಗಿದ್ದೆ. ಒಳ್ಳೆಯ ಲಾವಣಿಗಳಿದ್ದವು. ಮಧ್ಯಂತರದಲ್ಲಿ ಶೇಂಗಾ ಕೊಳ್ಳಲು ಹೊರಗೆ ಬಂದರೆ, ಬೆಲ್ಲದ ಅಡತಿ ಅಂಗಡಿಗೆ ಬಂದಿದ್ದ ನಮ್ಮ ಸೋದರಮಾವ ಎದುರಿಗೇ ನಿಂತಿದ್ದ. ಕಿವಿ ಹಿಡಿದು ನೇರವಾಗಿ ಹಾಸ್ಟೆಲ್ಲಿಗೆ ತಂದುಬಿಟ್ಟ. ಆ ಸಿನೆಮಾದ ಉಳಿದರ್ಧ ನಲವತ್ತು ವರ್ಷ ನನ್ನ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ನಿವೃತ್ತನಾದ ಮೇಲೆ ಅದನ್ನು ಕಂಪ್ಯೂಟರಿನಲ್ಲಿ ಹುಡುಕಿದೆ. ‘ಪುಕ್ಕಟೆ, ಪೂರ್ತಿ ಸಿನೆಮಾ’ ಎನ್ನುವ ಒಂದು ಪುಟ ತೆರೆದುಕೊಂಡಿತು, ನಡುವೆ ಅಂಗೈ ಅಗಲದ ಹಸಿರು ಗುಂಡಿ. ಒತ್ತಿದೆ. ಅದು ಏನೇನೋ ಕೇಳಿತು, ನಾನು ಎಲ್ಲದಕ್ಕೂ ಹೂಂ ಅಂದೆ. ನಮ್ಮ ಕಡೆಯವರಿಗೆ ಬಾಗಿಲಿಗೆ ಬಂದವರನ್ನು ಬೇಡ ಎನ್ನುವ ರೂಢಿಯಿಲ್ಲ. ಸಿನೆಮಾ ಬರಲಿಲ್ಲ. ಬಂದದ್ದು ಬೇರೆ.

ಮರುದಿನದಿಂದ ಕಂಪ್ಯೂಟರು ನಮ್ಮ ಮಾತು ಕೇಳುವುದನ್ನು ಬಿಟ್ಟಿತು. ಬ್ರೌಸರ್ ತೆರೆದರೆ ಗುರುತಿಲ್ಲದ ಒಂದು ಪುಟ. ಹವಾಮಾನ ಎಂದು ಹುಡುಕಿದರೆ ರಮ್ಮಿ ಆಟದ ಕರೆ, ಪಂಚಾಂಗ ಕೇಳಿದರೆ ತೂಕ ಇಳಿಸುವ ಗುಳಿಗೆ. ಮೂಲೆಯಲ್ಲಿ ನಿಮಿಷಕ್ಕೊಮ್ಮೆ ಕೆಂಪು ಚೌಕವೊಂದು ಎದ್ದು, ನಿಮ್ಮ ಕಂಪ್ಯೂಟರಿಗೆ ರೋಗ ತಗಲಿದೆ ಎಂದು ಹೆದರಿಸುತ್ತಿತ್ತು. ಭೂಗೋಳದಲ್ಲಿ ನದಿ ಅಪಹರಣ ಎಂಬ ಒಂದು ಪಾಠವಿದೆ. ಒಂದು ನದಿ ತನ್ನ ಉಗಮದ ಕಡೆಗೆ ಮಣ್ಣು ಕೊರೆಯುತ್ತ ಕೊರೆಯುತ್ತ ಗುಡ್ಡದಾಚೆಯ ಇನ್ನೊಂದು ನದಿಯನ್ನು ಮುಟ್ಟಿ, ಅದರ ನೀರನ್ನು ತನ್ನ ಪಾತ್ರಕ್ಕೆ ಎಳೆದುಕೊಳ್ಳುತ್ತದೆ. ನೀರು ಅದೇ, ಮಳೆ ಅದೇ, ಹೋಗುವುದು ಮಾತ್ರ ಬೇರೆಯವರ ಊರಿಗೆ. ಇದನ್ನು ನಾನು ಹಿರಣ್ಯಕೇಶಿಯ ದಂಡೆಯ ಮಕ್ಕಳಿಗೆ ವರ್ಷವರ್ಷವೂ ಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ನನ್ನ ಮನೆಯ ಮೇಜಿನ ಮೇಲೆಯೇ ಅದು ನಡೆದಾಗ ಗುರುತು ಹಿಡಿಯಲು ಎರಡು ದಿನ ಬೇಕಾಯಿತು.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಆ ಕಂಪ್ಯೂಟರನ್ನು ನನಗಿಂತ ಹೆಚ್ಚು ಬಳಸುತ್ತಿದ್ದವಳು ನಮ್ಮ ಅಕ್ಕ.

ಅಕ್ಕ ಹುಪರಿಯವಳು. ಅಂದರೆ ಕೊಟ್ಟ ಮನೆ ಬೆಳ್ಳಿ ಕೆಲಸದ ಆ ಊರಿನದು. ಐವತ್ತು ವರ್ಷ ಆ ಮನೆಯ ಪಡಸಾಲೆಯಲ್ಲಿ ಕೂತು ಬೆಳ್ಳಿಯ ಕಾಲ್ಗೆಜ್ಜೆಗೆ ಕೊಂಡಿ ಕೂಡಿಸಿದ್ದಾಳೆ, ಬೆಸುಗೆ ಹಾಕಿದ್ದಾಳೆ. ಕಣ್ಣಿನ ಪೊರೆಯ ಆಪರೇಶನ್ನಿಗೆಂದು ನಮ್ಮಲ್ಲಿಗೆ ಬಂದಳು. ಆಪರೇಶನ್ ಚೆನ್ನಾಗಿಯೇ ಆಯಿತು, ಆದರೆ ಸಾಸಿವೆ ಗಾತ್ರದ ಕೊಂಡಿಯ ಬಾಯಿ ಇನ್ನು ಕಾಣುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಆಗ ನಾನು ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳನ್ನು ಬದನೆಕಾಯಿಯಷ್ಟು ದೊಡ್ಡದು ಮಾಡಿ ತೋರಿಸಿದೆ. ಚಿಕ್ಕವಳಿದ್ದಾಗ ಅಜ್ಜಿಯ ಊರಾದ ಸಂಕೇಶ್ವರದ ಕಡೆ ಕನ್ನಡ ಶಾಲೆಗೆ ಹೋದವಳು ಅವಳು. ಮರಾಠಿ ಶಾಲೆಯ ನನ್ನ ಕನ್ನಡ ಬರವಣಿಗೆಯಲ್ಲಿ ಇಂದಿಗೂ ತಪ್ಪು ಹಿಡಿಯುತ್ತಾಳೆ. ತಾನು ಮಾಡಿದ ಗೆಜ್ಜೆಗಳ ಬಗೆ ಎಷ್ಟು, ಯಾವುದಕ್ಕೆ ಕೊಂಡಿ ಹೇಗೆ ಕೂಡಿಸುವುದು, ಎಲ್ಲವನ್ನೂ ಬರೆದಿಡುತ್ತೇನೆ ಎಂದಳು. ಸೊಸೆಯಂದಿರಿಗೆ ಕಲಿಯಲು ಪುರುಸೊತ್ತಿಲ್ಲ, ಈಗ ಗೆಜ್ಜೆ ಮಾಡುವ ಮಶೀನಿಗೆ ಕೇಳಲು ಕಿವಿಯಿಲ್ಲ, ಅದಕ್ಕೆ. ದಿನಾಲೂ ಮುಂಜಾನೆ ಚಹಾ ಆದ ಮೇಲೆ ಒಂದೇ ಬೆರಳಿನಲ್ಲಿ ಅಕ್ಷರ ಅಕ್ಷರವಾಗಿ ಒತ್ತುತ್ತಿದ್ದಳು. ಪ್ರತಿ ಗುಂಡಿಗೂ ನನ್ನನ್ನು ಕೇಳುತ್ತಿದ್ದಳು, “ತಮ್ಮಾ, ಇದನ್ನ ಒತ್ತಲೇನು?” ಎಂದು.

ಹುಪರಿಯಲ್ಲಿ ಮೊಮ್ಮಗನ ನಾಮಕರಣ ಮುಗಿಸಿಕೊಂಡು ಅವಳು ಬಂದದ್ದು ಸೋಮವಾರ ಸಂಜೆ. ಮಂಗಳವಾರ ಮುಂಜಾನೆ ಕಂಪ್ಯೂಟರಿನ ಮುಂದೆ ಕೂತಳು. ಒಂದು ಸಾಲು ಬರೆಯುವಷ್ಟರಲ್ಲಿ ಕೆಂಪು ಚೌಕ ಎದ್ದು ಕಿರುಚಿತು. ಅಕ್ಕ ಕೈ ಸುಟ್ಟವರಂತೆ ಬೆರಳು ಹಿಂದೆಗೆದಳು.

“ತಮ್ಮಾ, ನಾ ಏನರ ಒತ್ತಬಾರದ್ದ ಒತ್ತೇನೇನೋ?”

ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಶೈಲಾ ನಿಂತಿದ್ದಳು. ಲಾವಣಿ ಸಿನೆಮಾದ ಮಾತು ಅವಳೆದುರಿಗೆ ಎತ್ತುವುದು ಹೇಗೆ?

“ಇರಬೇಕಕ್ಕಾ,” ಅಂದೆ.

ಒಂದೇ ಒಂದು ಮಾತು. ಸುಳ್ಳೂ ಅಲ್ಲ, ಖರೆಯೂ ಅಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಕ್ಕ ಸೆರಗಿನಿಂದ ಕೀಲಿಮಣೆ ಒರೆಸಿ ಎದ್ದಳು. “ಈ ವಯಸ್ಸಿನ್ಯಾಗ ನನಗ್ಯಾಕ ಬೇಕಿತ್ತು ಈ ಉಸಾಬರಿ” ಅಂದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು, ಸುಲಿದು ಮುಗಿದ ಮೇಲೂ ಸಿಪ್ಪೆ ತಿರುವುತ್ತಿದ್ದಳು. ನೋಡಿ ನನಗೆ ನಾಚಿಕೆಯಾಯಿತು. ನಾಚಿಕೆಯಾಯಿತೇ ಹೊರತು ಬಾಯಿ ಬಿಡಲಿಲ್ಲ. ಮೊದಲು ಕಂಪ್ಯೂಟರ್ ರಿಪೇರಿಯಾಗಲಿ, ಆಮೇಲೆ ಎಲ್ಲರೂ ತಾವೇ ಮರೆಯುತ್ತಾರೆ ಎಂದುಕೊಂಡೆ.

ರಿಪೇರಿ ಎಂದರೆ ಏನು? ಬ್ರೌಸರಿನ ಮೊದಲ ಪುಟವನ್ನು ಬದಲಿಸಿದೆ. ಮರುದಿನ ಅದೇ ಗುರುತಿಲ್ಲದ ಪುಟ. ಬ್ರೌಸರಿಗೆ ಅಂಟಿಕೊಂಡಿದ್ದ ಒಂದು ವಿಚಿತ್ರ ಹೆಸರಿನ ಎಕ್ಸ್‌ಟೆನ್ಶನ್ ಕಂಡಿತು, ತೆಗೆದು ಹಾಕಿದೆ. ಬಂದ್ ಮಾಡಿ ಚಾಲೂ ಮಾಡಿದರೆ ಕರಿಕೆ ಹುಲ್ಲಿನ ಹಾಗೆ ಮತ್ತೆ ಚಿಗುರಿತ್ತು. ಇಚಲಕರಂಜಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿದೆ.

“ಸರ್, ಏನ್ ಡೌನ್‌ಲೋಡ್ ಮಾಡಿದ್ರಿ?” ಎಂದು ಅವನ ಮೊದಲ ಪ್ರಶ್ನೆ.

“ಏನೂ ಇಲ್ಲಪಾ.”

“ಏನೂ ಮಾಡದ ಹಿಂಗ ಆಗಂಗಿಲ್ರಿ ಸರ್. ನೆನಪ ಮಾಡ್ಕೋರಿ.”

ವಕೀಲರ ಹತ್ತಿರ, ವೈದ್ಯರ ಹತ್ತಿರ ಸುಳ್ಳು ಹೇಳಬಾರದು ಎನ್ನುತ್ತಾರೆ. ಈ ಸಾಲಿಗೆ ಮೂರನೆಯವರನ್ನು ಸೇರಿಸುವ ಕಾಲ ಬಂದಿದೆ. ನಾನು ನೆಟ್‌ವರ್ಕ್ ಇಲ್ಲ ಎಂದು ಫೋನು ಇಟ್ಟೆ.

ಶುಕ್ರವಾರ ಮಧ್ಯಾಹ್ನ ನನ್ನ ಒದ್ದಾಟ ನೋಡಲಾರದೆ ಅಕ್ಕ ಹತ್ತಿರ ಬಂದು ನಿಂತಳು. ಕುರ್ಚಿಯ ಮೇಲೆ ಕೂಡಲಿಲ್ಲ, ಕಂಪ್ಯೂಟರಿಗೆ ಒಂದು ಮೊಳ ದೂರವೇ ನಿಂತಳು.

“ಏನ್ ಮಾಡಾಕತ್ತಿ?”

“ತಗದಿದ್ದ ಮತ್ತ ಮತ್ತ ಬರತೈತಕ್ಕಾ. ಎಲ್ಲೈತಿ ತಿಳೀವಲ್ದು.”

ಅವಳು ಪರದೆಯ ಕಡೆ ಕತ್ತು ಚಾಚಿದಳು. “ನಮ್ಮ ಕೆಲಸದಾಗ ಸರ ಸೆಟದು ನಿಂತ್ರ, ಎಲ್ಲಾ ಕೊಂಡಿ ಎಳದಾಡಬಾರದು ತಮ್ಮಾ. ಕಡೀಕ ಕೂಡಿಸಿದ್ದು ಯಾವುದು, ಅದನ್ನ ಮೊದಲ ಬಿಚ್ಚಬೇಕು. ಅದಕ್ಕೂ ಮುಂಚೆ ಸರ ಸುದ್ದ ಇತ್ತಲ್ಲ?”

ಇಷ್ಟು ಸರಳವಾದ ಮಾತು ಭೂಗೋಳ ಕಲಿತವನಿಗೆ ಹೊಳೆದಿರಲಿಲ್ಲ. ಕಂಪ್ಯೂಟರಿನಲ್ಲಿ ಯಾವ ಯಾವ ಪ್ರೋಗ್ರಾಮುಗಳಿವೆ ಎಂದು ತೋರಿಸುವ ಪಟ್ಟಿ ತೆರೆದೆ. ತಾರೀಖಿನ ಪ್ರಕಾರ ಜೋಡಿಸಿದೆ. ಎಲ್ಲಕ್ಕೂ ಮೇಲೆ, ನಾನು ಎಂದೂ ಕೇಳಿರದ ಒಂದು ಹೆಸರು ಬಂದು ಕೂತಿತು. ಮೇಲೆ ಎಕ್ಸ್‌ಟೆನ್ಶನ್ ತೆಗೆದಾಗಲೆಲ್ಲ ಕೆಳಗಿನಿಂದ ಮತ್ತೆ ಕಳಿಸುತ್ತಿದ್ದ ಮೂಲಪುರುಷ ಇವನೇ. ಖುಷಿಯಿಂದ “ಸಿಕ್ತಕ್ಕಾ!” ಎಂದು ಕೂಗಿದೆ.

ಕೂಗಿದ ಮೇಲೆ ಆ ಹೆಸರಿನ ಎದುರಿಗಿದ್ದ ತಾರೀಖು ನೋಡಿದೆ. ಆ ರವಿವಾರ.

ಅಕ್ಷರ ದೊಡ್ಡದು ಮಾಡಿಟ್ಟವನು ನಾನೇ. ಒಂದು ಮೊಳ ದೂರದಿಂದ ಅಕ್ಕನಿಗೂ ಅದು ಚೆನ್ನಾಗಿಯೇ ಕಾಣುತ್ತಿತ್ತು. ಅವಳು ಬೆರಳು ಮಡಿಚಿ ದಿನ ಎಣಿಸಿದಳು.

“ಅವತ್ತ ನಾ ಹುಪರ್‍ಯಾಗ ಇದ್ದೆ. ಕೂಸಿನ ಹೆಸರಿಡೂದಿತ್ತು.”

“ಹೌದಕ್ಕಾ.”

“ಶೈಲಾನೂ ನನ್ನ ಕೂಡ ಬಂದಿದ್ಲು.”

“ಹೌದು.”

ನಾನು ಎದ್ದು ನಿಂತೆ. ತಪ್ಪು ಮಾಡಿದ ಹುಡುಗರು ನನ್ನೆದುರು ನಿಲ್ಲುತ್ತಿದ್ದ ಹಾಗೆಯೇ ನಿಂತೆ ಎಂದು ಆಮೇಲೆ ಅನ್ನಿಸಿತು. “ಒತ್ತಿದಾಂವ ನಾನಕ್ಕಾ. ನೀ ಏನೂ ಮಾಡಿದ್ದಿಲ್ಲ. ‘ಇರಬೇಕು’ ಅಂದದ್ದು ತಪ್ಪಾತು.” ಸಿನೆಮಾದ ಕಥೆಯನ್ನೂ ಹೇಳಿದೆ, ಮಾವ ಕಿವಿ ಹಿಡಿದದ್ದರಿಂದ ಹಿಡಿದು ಹಸಿರು ಗುಂಡಿಯವರೆಗೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಶೈಲಾಗೂ ಕೇಳಿಸಿತು. ಕೇಳಿಸಲಿ ಎಂದು ಜೋರಾಗಿಯೇ ಹೇಳಿದೆ.

ಅಕ್ಕ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು. ಮಂಗಳವಾರದ ಮೇಲೆ ಇದೇ ಮೊದಲ ಸಲ.

“ನಾಕ ದಿನ ನನ್ನ ಕೈ ಮ್ಯಾಲೆ ನನಗ ನಂಬಿಗಿ ಇದ್ದಿಲ್ಲ ನೋಡು,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಐವತ್ತು ವರ್ಷ ತಪ್ಪದ ಕೈ ಅದು.

ಆಮೇಲೆ ಆ ಪ್ರೋಗ್ರಾಮನ್ನು ತೆಗೆಯುವ ಗುಂಡಿಯನ್ನು ಅವಳೇ ಒತ್ತಿದಳು, ನಾನು ದಾರಿ ಹೇಳಿದೆ. ಎಕ್ಸ್‌ಟೆನ್ಶನ್ ತೆಗೆದೆವು, ಬ್ರೌಸರನ್ನು ಮೊದಲಿನ ಸ್ಥಿತಿಗೆ ತಂದೆವು, ಕೆಂಪು ಚೌಕಗಳನ್ನು ಕಳಿಸಲು ನಾನು ಕೊಟ್ಟಿದ್ದ ಪರವಾನಗಿಯನ್ನು ಹಿಂದೆ ಪಡೆದೆವು. ಇಚಲಕರಂಜಿಗೆ ಫೋನು ಮಾಡಿ ಖರೆ ಹೇಳಿದೆ. ಅವನು ನಕ್ಕು, ಪೂರ್ತಿ ಒಮ್ಮೆ ತಪಾಸಣೆ ಮಾಡಿಸಿದ. ಬಂದ್ ಮಾಡಿ ಚಾಲೂ ಮಾಡಿದರೆ ಏನೂ ಚಿಗುರಲಿಲ್ಲ. ನದಿ ತನ್ನ ಹಳೆಯ ಪಾತ್ರಕ್ಕೆ ಬಂದಿತು.

ಅಕ್ಕ ತನ್ನ ಬರಹ ತೆರೆದು, ನಿಲ್ಲಿಸಿದ್ದ ಸಾಲಿನ ಕೊನೆಗೆ ಬೆರಳಿಟ್ಟಳು. ಒತ್ತುವ ಮೊದಲು ನನ್ನ ಕಡೆ ತಿರುಗಿದಳು.

“ಸಿನೆಮಾ ಸಿಕ್ತೇನು ಮತ್ತ?”

“ಇಲ್ಲಕ್ಕಾ.”

“ನಾ ನೋಡೇನಲ್ಲೋ ಅದನ್ನ. ಪೂರ್ತಿ. ಲಗ್ನಾದ ಹೊಸ್ತಾಗ ನಿಮ್ಮ ಮಾವನವ್ರು ಕೊಲ್ಹಾಪುರಕ್ಕ ಕರಕೊಂಡ ಹೋಗಿದ್ರು. ನನ್ನ ಕೇಳಿದ್ರ ಹೇಳತಿದ್ದೆ.”

‘ಮಾವನವರು’ ಎಂದರೆ ನಮ್ಮ ಭಾವ, ಅವಳ ಗಂಡ. ನಮ್ಮ ಮನೆಯ ಮಕ್ಕಳಿಗೆ ಹೇಳುವ ಹಾಗೆ ನನಗೂ ಹೇಳುವ ರೂಢಿ ಅವಳದು. ಅಂದು ಉಳಿದರ್ಧ ಕಥೆಯನ್ನು ಅಕ್ಕ ಹೇಳಿದಳು, ಶೈಲಾ ಚಹಾ ತಂದು ತಾನೂ ಕೂತಳು. ಮಧ್ಯಂತರಕ್ಕೆ ಮುಂಚೆ ಹೊಳೆಗೆ ಬಿದ್ದ ನಾಯಕ ಸತ್ತೇ ಹೋದ ಎಂದು ನಾನು ನಲವತ್ತು ವರ್ಷ ನಂಬಿದ್ದೆ. ಸಾಯುವುದಿಲ್ಲವಂತೆ. ಹೊಳೆಯ ಆಚೆ ದಡದಲ್ಲಿ ಏಳುತ್ತಾನಂತೆ.

ಈಗ ದಿನಾಲೂ ಮುಂಜಾನೆ ಅಕ್ಕ ಬರೆಯುತ್ತಾಳೆ. ಏನನ್ನು ಒತ್ತಲೂ ನನ್ನನ್ನು ಕೇಳುವುದಿಲ್ಲ. ಅವಳದು ಮುಗಿದು ಅವಳು ಅಡುಗೆಮನೆಗೆ ಹೋದ ಮೇಲೆ ನನ್ನ ಪಾಳಿ. ನಾನು ಕೂತು, ಅಡುಗೆಮನೆಯ ಕಡೆ ತಿರುಗಿ ಕೇಳುತ್ತೇನೆ:

“ಅಕ್ಕಾ, ಇದನ್ನ ಒತ್ತಲೇನು?”