ಜೋಡಿ ಪಿಸ್ತೂಲಿನಲ್ಲಿ ತಮ್ಮನ ಪಾಲು

ಬಿರುಕು ಬಿಟ್ಟದ್ದು ಯಾವುದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅದನ್ನು ತಮ್ಮನ ಕೈಗೆ ಕೊಟ್ಟೆ. ಮಂಜುನಾಥನ ಬಲಗೈಯ ಎರಡು ಬೆರಳು ಹೋದದ್ದು ಅವನ ಅಜಾಗರೂಕತೆಯಿಂದ ಎಂದು ಊರು ನಂಬಿತು, ಅವನೂ ನಂಬಿದ. ನಾನು — ನಾನು ಅವನ ಕೈಗೆ ಔಷಧ ಹಚ್ಚುತ್ತ ಸುಮ್ಮನಿದ್ದೆ.

ನಮ್ಮ ಅಪ್ಪನಿಗೆ ಕುಮಟಾ ಪೇಟೆಯಲ್ಲಿ ಗಡಿಯಾರ ರಿಪೇರಿಯ ಅಂಗಡಿಯಿತ್ತು. ಸಣ್ಣ ಸ್ಪ್ರಿಂಗು, ಸಣ್ಣ ಸ್ಕ್ರೂಗಳ ಜೊತೆ ಬದುಕಿದ ಮನುಷ್ಯನಿಗೆ ಹಳೆಯ ಪಿಸ್ತೂಲುಗಳ ಹುಚ್ಚು ಹಿಡಿದದ್ದು ಹೇಗೋ. ಲೈಸೆನ್ಸು ಮಾಡಿಸಿ ಕೆಲವನ್ನು ಇಟ್ಟುಕೊಂಡಿದ್ದರು. ಅವುಗಳಲ್ಲಿ ಅವರ ಜೀವವೇ ಇದ್ದದ್ದು ಒಂದು ಜೋಡಿಯಲ್ಲಿ. ಗೇರುಸೊಪ್ಪದ ಹಳೆಯ ಮರದ ವ್ಯಾಪಾರಿಯೊಬ್ಬರ ಮನೆಯಿಂದ ಬಂದದ್ದು. ಮೂತಿಯಿಂದ ಮದ್ದು, ಗುಂಡು ತುಂಬಿ, ಕಿಡಿ ಹೊತ್ತಿಸುವ ಕೇಪು ಇಟ್ಟು ಹೊಡೆಯುವಂಥವು. ಎರಡನ್ನೂ ಒಬ್ಬನೇ ಕುಶಲಕರ್ಮಿ ಮಾಡಿದ್ದ. ಹಿಡಿಯ ಮರದಲ್ಲಿ ಬಳ್ಳಿ ಕೆತ್ತಿದ್ದ, ಒಂದರ ಬಳ್ಳಿ ಎಡಕ್ಕೆ ಬಾಗಿತ್ತು, ಇನ್ನೊಂದರದು ಬಲಕ್ಕೆ.

ಆ ದಿನಗಳನ್ನು ನೆನೆದರೆ ಎಲ್ಲವೂ ಮಂಜಿನೊಳಗಿಂದ ಕಂಡಂತೆ ಕಾಣುತ್ತದೆ. ಊರ ಹೊರಗಡೆ ಗುಡ್ಡದ ಬುಡದಲ್ಲಿ ರೈಫಲ್ ಕ್ಲಬ್ಬಿನವರು ಗುರಿ ಹೊಡೆಯುವ ಜಾಗ ಮಾಡಿದ್ದರು. ತಮ್ಮ ಮಂಜು ಹೊಡೆಯುತ್ತಿದ್ದ. ಈಡು ಹಾರಿದೊಡನೆ ಬಿಳಿ ಹೊಗೆ ಎದ್ದು, ಗಾಳಿಯಿಲ್ಲದ ಬೆಳಗಿನಲ್ಲಿ ಹಾಗೇ ನಿಂತುಬಿಡುತ್ತಿತ್ತು, ಗುರಿ ಕಾಣುತ್ತಿರಲಿಲ್ಲ, ತಮ್ಮನೂ ಕಾಣುತ್ತಿರಲಿಲ್ಲ. ಹೊಗೆಯೊಳಗಿಂದ ಅವನ ನಗು ಮಾತ್ರ ಕೇಳುತ್ತಿತ್ತು. ಆಮೇಲಿನ ಕೆಲಸ ನನ್ನದು. ನಳಿಗೆಗೆ ಬಿಸಿನೀರು ಹೊಯ್ದು ಮದ್ದಿನ ಮಸಿ ತೊಳೆಯುವುದು, ಒಣಗಿಸುವುದು, ಅಪ್ಪನ ಹಳೆಯ ಪಂಚೆಯ ತುಂಡಿನಿಂದ ತೆಳ್ಳಗೆ ಎಣ್ಣೆ ಸವರುವುದು. ತೆಂಗಿನೆಣ್ಣೆ ಕೂಡದು, ಅದು ಅಂಟಾಗುತ್ತದೆ. ಎಣ್ಣೆ ತಪ್ಪಿದರೂ ಕೂಡದು, ನಮ್ಮ ಕಡೆಯ ಉಪ್ಪುಗಾಳಿ ಕಬ್ಬಿಣವನ್ನು ಬಿಡುವುದಿಲ್ಲ. ಅಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಮದ್ದಿನ ಗಂಧಕದ ವಾಸನೆಯನ್ನು ನಾನು ಇಂದಿಗೂ ಸಂತೋಷದ ವಾಸನೆ ಎಂದೇ — ಇಲ್ಲ, ಹಾಗೆ ಹೇಳುವ ಹಕ್ಕು ನನಗಿಲ್ಲ.

ಅಪ್ಪ ಹೋದ ಮೇಲೆ ಕುಮಟಾದ ಅಂಗಡಿ, ಮುಟ್ಟಳ್ಳಿಯ ಗದ್ದೆ, ತೆಂಗು, ಮನೆ ಎಲ್ಲ ತಮ್ಮನಿಗಾಯಿತು. ನಾನು ಮದುವೆಯಾಗಿ ಹೊನ್ನಾವರಕ್ಕೆ ಬಂದವಳು, ಶಾಲೆಯಲ್ಲಿ ಕೆಲಸವಿತ್ತು. ಪಾಲು ಬೇಡವೆಂಬ ಪತ್ರಕ್ಕೆ ಸಹಿ ಹಾಕು ಎಂದರು, ಹಾಕಿದೆ. ನಿನಗೇನಾದರೂ ಬೇಕೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆನೋ ಏನೋ. ಕೇಳದೆ ಇದ್ದದ್ದು ಮಾತ್ರ ಒಳಗೆ ಉಳಿಯಿತು.

ಜೋಡಿಯನ್ನು ಮಾತ್ರ ಒಬ್ಬೊಬ್ಬರು ಒಂದೊಂದು ಇಟ್ಟುಕೊಳ್ಳೋಣ ಎಂದು ಹೇಳಿದವನು ಮಂಜುವೇ. ಕಾಗದಪತ್ರ ಮುಗಿದು ಲೈಸೆನ್ಸು ಇಬ್ಬರ ಹೆಸರಿಗೂ ಆದ ಮೇಲೆ, ಎರಡನ್ನೂ ನನ್ನ ಮನೆಗೆ ತಂದು ಮೇಜಿನ ಮೇಲಿಟ್ಟ.

"ತೊಳದು ಎಣ್ಣೆ ಹಾಕಿಡು, ಅಕ್ಕ. ಯಾವ್ದು ಚಂದ ಕಾಂತದೋ ಅದ್ನ ನೀನು ತಕ್ಕ. ಉಳದದ್ದು ನಂಗಾತು."

ಇಷ್ಟು ಒಳ್ಳೆಯ ಮಾತನ್ನು ಅವನು ಆಡದೆ ಇದ್ದಿದ್ದರೆ!

ಮರುದಿನ ಮಧ್ಯಾಹ್ನ ಕಿಟಕಿಯ ಹತ್ತಿರ ಕೂತು ಒರೆಸುತ್ತಿದ್ದೆ. ಶರಾವತಿ ಸಮುದ್ರ ಸೇರುವ ಕಡೆಯಿಂದ ಬೆಳಕು ನೀರಿನಂತೆ ತೂಗುತ್ತ ಒಳಗೆ ಬರುತ್ತಿತ್ತು. ಎಡಬಳ್ಳಿಯ ಪಿಸ್ತೂಲಿನ ನಳಿಗೆಯ ಬುಡದಲ್ಲಿ ಒಂದು ಕೂದಲು ಅಂಟಿಕೊಂಡಿತ್ತು. ಒರೆಸಿದೆ. ಹೋಗಲಿಲ್ಲ. ಉಗುರಿನಿಂದ ಕೆರೆದೆ. ಗಡಿಯಾರ ನೋಡಲು ಅಪ್ಪ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಗಾಜು ನನ್ನ ಹತ್ತಿರವೇ ಇತ್ತು, ಹಾಕಿಕೊಂಡು ನೋಡಿದೆ. ಕೂದಲಲ್ಲ. ಕಬ್ಬಿಣ ಸೀಳಿತ್ತು.

ಏನು ಯೋಚಿಸಿದೆ ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ಎಲ್ಲವೂ ಅವನಿಗೆ ಹೋಯಿತು, ಇದೊಂದಾದರೂ ಊನವಿಲ್ಲದ್ದು ನನಗಿರಲಿ — ಅಷ್ಟೇ. ಬಲಬಳ್ಳಿಯದನ್ನು ಇಟ್ಟುಕೊಂಡು, ಎಡಬಳ್ಳಿಯದನ್ನು ಅವನಿಗೆ ಕೊಟ್ಟೆ. ಅವನು ತನ್ನದನ್ನು ಗೋಡೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿಡುತ್ತೇನೆ ಎಂದಿದ್ದ. ಆ ಮಾತಿಗೆ ಜೋತುಬಿದ್ದೆ. ಗೋಡೆಯ ಮೇಲಿರುವುದಕ್ಕೆ ಬಿರುಕಿದ್ದರೇನು?

ಆದರೆ ಅಪ್ಪನ ವರ್ಷಾಂತದ ಶ್ರಾದ್ಧ ಕಳೆದ ಮೇಲೆ ಅವನಿಗೆ ಆಸೆಯಾಯಿತು. ಅಪ್ಪನ ನೆನಪಿಗೆ ಒಂದೆರಡು ಈಡು ಹೊಡೆಯುವಾ, ನೀನೂ ಬಾ ಎಂದು ಕರೆದ. ಹೋದೆ. ಅವನು ಮದ್ದು ಅಳೆಯುವುದನ್ನು ನೋಡುತ್ತ ನಿಂತೆ. ಬಾಯಿ ತೆರೆದಿದ್ದೆ, ಅದು ನೆನಪಿದೆ. ಮಾತು ನಾಲಿಗೆಯ ಮೇಲೇ ಇತ್ತು. ಹೇಳಿದರೆ, ಮೊದಲೇ ಗೊತ್ತಿತ್ತಾ ಎಂದು ಕೇಳುತ್ತಾನೆ —

ಮೊದಲ ಈಡು ಸರಿಯಾಗಿ ಹಾರಿತು. ಹೊಗೆಯೊಳಗೆ ಅವನ ನಗು ಕೇಳಿಸಿತು. ಹಾಗಾದರೆ ಅದು ಬಿರುಕಲ್ಲ, ನನ್ನ ಕಣ್ಣಿನ ದೋಷ ಎಂದುಕೊಂಡು ನಾನೂ ನಕ್ಕೆ. ಎರಡನೆಯದರ ಸದ್ದು ಬೇರೆಯಿತ್ತು. ಹೊಗೆ ಎಂದಿನಂತೆ ಬೆಳ್ಳಗೆ, ಮೆಲ್ಲಗೆ ಎದ್ದಿತು. ಅದು ಕರಗುವವರೆಗೂ ನಾನು ಹೆಜ್ಜೆ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದಾಗ ಅವನು ನನ್ನನ್ನೇ ಸಮಾಧಾನ ಮಾಡಿದ. "ಮದ್ದು ಜಾಸ್ತಿ ಹಾಕ್ದೆ, ಅಕ್ಕ. ಅಪ್ಪನ ಜೋಡಿ ಮುರದುಬಿಟ್ಟೆ. ಬೇಜಾರು ಮಾಡ್ಕಬೇಡ."

ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ.

ಅನ್ನ ಕಲಸಿ ತುತ್ತು ಮಾಡಲು ಅವನಿಗೆ ಆಗದಾಯಿತು. ಚಮಚದಲ್ಲಿ ಉಣ್ಣುವುದನ್ನು ನಾಲ್ಕು ಜನ ನೋಡುತ್ತಾರೆಂದು ಮದುವೆಮನೆಗಳ ಊಟದ ಪಂಕ್ತಿ ಬಿಟ್ಟ. ಗಡಿಯಾರದ ತಿರುಪು ಹಿಡಿಯಲಾಗದೆ ಅಂಗಡಿ ಮುಚ್ಚಿ ಮುಟ್ಟಳ್ಳಿಯ ಗದ್ದೆಗೆ ಮರಳಿದ. ನಾನು ಹಬ್ಬಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ. ವರ್ಷಗಳು ಹಾಗೆಯೇ, ನಿದ್ದೆಯಲ್ಲಿ ನಡೆದಂತೆ ನಡೆದುಹೋದವು.

ಈ ವರ್ಷ ಅವನ ಮಗಳು ಶ್ವೇತಾ ಕಾಲೇಜಿನ ಶೂಟಿಂಗ್ ತಂಡಕ್ಕೆ ಆಯ್ಕೆಯಾದಳು. ಮಂಜು ಬೇಡವೆಂದ. ನಮ್ಮ ಮನೆಯವರ ಕೈಗೆ ಅಳತೆ ಗೊತ್ತಿಲ್ಲ, ನನ್ನನ್ನು ನೋಡಿ ಕಲಿ ಎಂದನಂತೆ. ಹುಡುಗಿ ನನಗೆ ಫೋನು ಮಾಡಿ ಅತ್ತಳು: "ಅತ್ತೆ, ಅಪ್ಪಂಗೆ ನೀವಾದ್ರೂ ಹೇಳಿ."

ನಾನಾದರೂ!

ಮರುದಿನ ಮುಟ್ಟಳ್ಳಿಗೆ ಹೋದೆ. ಮಂಜು ಹಿತ್ತಿಲಲ್ಲಿ ಬದನೆ ಗಿಡಕ್ಕೆ ನೀರು ಬಿಡುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದೆ, ಕೂದಲೆಂದು ಒರೆಸಿದ್ದರಿಂದ ಹಿಡಿದು. ಅವನು ಪೈಪು ಕೆಳಗಿಡಲಿಲ್ಲ. ಒಂದೇ ಗಿಡದ ಬುಡದಲ್ಲಿ ನೀರು ತುಂಬಿ ಹರಿಯುತ್ತಿತ್ತು.

"ಗಾಜು ಹಾಕಿ ನೋಡಿದ್ಯಾ?" ಎಂದು ಕೇಳಿದ.

"ನೋಡಿದ್ದೆ."

ಪೈಪನ್ನು ಪಕ್ಕದ ಗಿಡಕ್ಕೆ ತಿರುಗಿಸಿ ಹೇಳಿದ: "ಇಷ್ಟು ವರ್ಷ ನಾನು ನನ್ನ ಕೈಯನ್ನೇ ಬೈದೆ, ಅಕ್ಕ."

ಅಷ್ಟೇ. ಕೂಗಾಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ತಮ್ಮನ ಹೆಂಡತಿ ಲಲಿತಾ ನನಗೆ ಚಹಾ ತಂದಿಟ್ಟು, ಎಂತ ಆತು ಎಂದು ಕೇಳಿದಳು. ಅವಳಿಗೂ ಹೇಳಿದೆ. ಅವಳು ಚಹಾದ ಲೋಟವನ್ನು ನನ್ನ ಮುಂದಿನಿಂದ ಎತ್ತಿಕೊಂಡು ಹೋದಳು.

ಶ್ವೇತಾ ಈಗ ಅಭ್ಯಾಸಕ್ಕೆ ಹೋಗುತ್ತಿದ್ದಾಳೆ. ಅವಳಿಗೂ ವಿಷಯ ಗೊತ್ತು; ನನಗೆ ಫೋನು ಮಾಡುವುದಿಲ್ಲ. ಮಂಜುವೂ ಮಾತಾಡುವುದಿಲ್ಲ. ಕ್ಷಮೆಯನ್ನು ನಾನು ಕೇಳಿಲ್ಲ, ಕೇಳುವುದೂ ಇಲ್ಲ — ಕೇಳಿದರೆ ಅವನು ಕೊಟ್ಟುಬಿಡುತ್ತಾನೆ, ಅವನು ಅಂಥವನು. ಇನ್ನೊಮ್ಮೆ ಅವನಿಂದ ಚೆಂದದ್ದನ್ನು ಪಡೆದುಕೊಂಡು ಬರಲು ನನಗೆ ಮನಸ್ಸಿಲ್ಲ.