ಕಾಫಿ ಲೋಟದ ಪಕ್ಕದ ಸಿಗರೇಟು

ಜನರಿಗೆ ಸಿಗರೇಟು ಬಿಡಿಸುವುದು ನನ್ನ ಕೆಲಸ. ಹಿನಕಲ್‌ನವರೊಬ್ಬರು ಪೂರ್ತಿ ಬಿಟ್ಟೆ ಅಂದಿದ್ದರು. ಬೆನ್ನು ತಟ್ಟಿ ಬರೋಣ ಅಂತ ಮನೆಗೇ ಹೋದೆ. ಅವರ ಹೆಂಡತಿ ಟ್ರೇನಲ್ಲಿ ಕಾಫಿ ತಂದರು. ಗಂಡನ ಲೋಟದ ಪಕ್ಕ ಒಂದು ಸಿಗರೇಟು, ಬೆಂಕಿಪೊಟ್ಟಣ. ನಾನು ಗಂಡನ ಮುಖ ನೋಡಿದೆ. ಆತ ತಲೆ ತಗ್ಗಿಸಿ ಕೂತರು.

"ನಾನೇ ತಂದ್ಕೊಟ್ಟೆ ಕಣ್ರೀ," ಅಂದರು ಆಕೆ, ಕಾಫಿಗೆ ಸಕ್ಕರೆ ಸಾಕೇ ಅಂತ ಕೇಳುವಷ್ಟು ಸಲೀಸಾಗಿ. "ಸೇದದೆ ಇದ್ದಾಗ ಇವರ ಸಿಟ್ಟು ನೀವು ನೋಡ್ಬೇಕಿತ್ತು. ಊಟದ ತಟ್ಟೇನೇ ಎಸೆದ್ಬುಟ್ರು. ಮಗಳು ಹೆದರಿ ಪಕ್ಕದ್ಮನೇಲಿ ಓದ್ಕೋತಿದ್ಲು. ಅವಳ ಪರೀಕ್ಷೆ ಮುಗೀಲಿ, ಆಮೇಲೆ ಬಿಡಿಸ್ಬುಡಿ."

ಸಿಗರೇಟು ಬಿಡಬೇಕಾದರೆ ಮನೆಯವರ ಸಹಕಾರ ಬಹಳ ಮುಖ್ಯ ಅಂತ ಮೈಸೂರು ತುಂಬಾ ಹೇಳಿಕೊಂಡು ತಿರುಗುತ್ತೇನೆ. ಮನೆಯವರನ್ನು ನೋಡಿದ್ದು ಮಾತ್ರ ಅವತ್ತೇ ಮೊದಲು.